ಸೈಕಲ್ ಎಳೆದ ಮನೆ

1947ರ ಒಂದು ಕಪ್ಪುಬಿಳುಪು ಫೋಟೋ ಇದೆ. ಫ್ರಾನ್ಸಿನ ಸೈಕಲ್ ರೇಸರ್ ಆಲ್ಫ್ರೆಡ್ ಲೆಟೂರ್ನರ್ ಸೈಕಲ್ ತುಳೀತಿದ್ದಾನೆ, ಹಿಂದೆ ಏರ್‌ಸ್ಟ್ರೀಮ್ ಕಂಪನಿಯ ಹೊಳೆಯೋ ಅಲ್ಯೂಮಿನಿಯಂ ಟ್ರೈಲರ್. ಪ್ರವಾಸ ಹೋದಾಗ ಒಳಗೇ ಮಲಗೋಕೆ ಮಾಡಿದ ಪುಟ್ಟ ಮನೆ ಅದು. ನಮ್ಮ ಟ್ರೈಲರ್ ಎಷ್ಟು ಹಗುರ ನೋಡಿ ಅಂತ ತೋರಿಸೋ ಜಾಹೀರಾತು. ಮೋಸವೇನಿಲ್ಲ. ರಸ್ತೆ ಸಮತಟ್ಟಾಗಿದ್ದು, ಬೇರಿಂಗ್ ಚೆನ್ನಾಗಿದ್ದರೆ ಗಟ್ಟಿ ಕಾಲಿನವನು ನಿಧಾನಕ್ಕೆ ಎಳೀಬಹುದು. ಆದರೆ ಐಟಿಯವರಿಗೆ ಇದು ಗೊತ್ತಿರೋ ಕಥೆಯೇ: ಡೆಮೋ ಓಡಿತು, ಪ್ರೊಡಕ್ಷನ್ ಮಾತು ಬೇರೆ. ಅದೇ ಸೈಕಲ್ ಇಳಿಜಾರಿಗೆ ಬಂದಿದ್ದರೆ ಲೆಟೂರ್ನರ್ ಏನು ಮಾಡ್ತಿದ್ದ?

ಟ್ರೈಲರ್‌ಗೆ ಯಾವ ವಾಹನ ಕಟ್ಟಬೇಕು ಅಂತ ಕೇಳೋರು ಮೊದಲಿಂದಲೂ ‘ಎಳೆಯುತ್ತಾ?’ ಅಂತಲೇ ಕೇಳಿದ್ದಾರೆ. ‘ತಡೆಯುತ್ತಾ?’ ಅನ್ನೋದು ಆಮೇಲೆ.

ಕುದುರೆ ಕಾಲದಲ್ಲಿ ಎರಡಕ್ಕೂ ಕುದುರೆಯೇ ಉತ್ತರ ಹೇಳ್ತಿತ್ತು. 1885ರಲ್ಲಿ, ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಗೋರ್ಡನ್ ಸ್ಟೇಬಲ್ಸ್ ಬರೀ ಸುತ್ತಾಡೋಕೆ ಅಂತಲೇ ‘ವಾಂಡರರ್’ ಎಂಬ ಗಾಡಿ ಮಾಡಿಸಿಕೊಂಡ. ಸುಮಾರು ಎರಡು ಟನ್ ತೂಕ, ಎರಡು ಕುದುರೆ. ಅವನ ಆಳು ಮೂರು ಚಕ್ರದ ಸೈಕಲ್ ಮೇಲೆ ಮುಂದೆ ಹೋಗಿ ದಾರಿ ನೋಡ್ತಿದ್ದ. ಏರು ಜಾಸ್ತಿಯಾದರೆ ಕುದುರೆ ಏದುಸಿರು ಬಿಟ್ಟು ನಿಲ್ಲುತ್ತೆ. ಗೇರ್‌ಬಾಕ್ಸ್ ಹಾಗಲ್ಲ, ಎಣ್ಣೆ ಸುಟ್ಟ ವಾಸನೆ ಬಂದಮೇಲೇ ಗೊತ್ತಾಗೋದು.

ಕಾರು ಬಂದಾಗ ಮೊದಲು ಬಗ್ಗಿದ್ದು ಟ್ರೈಲರ್. 1934ರಲ್ಲಿ ಗ್ಲೈಡರ್ ಕಟ್ಟುತ್ತಿದ್ದ ಹಾಲಿ ಬೌಲಸ್, 1936ರಲ್ಲಿ ಏರ್‌ಸ್ಟ್ರೀಮ್‌ನ ವಾಲಿ ಬಯಮ್, ಇಬ್ಬರೂ ವಿಮಾನದ ಹಾಗೆ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಹಗುರ ಮಾಡಿದರು. ಬೇರೆ ದಾರಿ ಇರಲಿಲ್ಲ. 1936ರ ಫೋರ್ಡ್ ವಿ8 ಶಕ್ತಿ 85 ಹಾರ್ಸ್‌ಪವರ್, ನಮ್ಮ ಇವತ್ತಿನ ಹ್ಯಾಚ್‌ಬ್ಯಾಕಿನಷ್ಟು. 1959ರಲ್ಲಿ ಇದೇ ಬಯಮ್ 41 ಟ್ರೈಲರ್‌ಗಳ ತಂಡ ಕಟ್ಟಿಕೊಂಡು ಕೇಪ್‌ಟೌನ್‌ನಿಂದ ಕೈರೋಗೆ ಹೊರಟಾಗ ಎಳೆದದ್ದು ಹೆಚ್ಚಾಗಿ ಪಿಕಪ್ ಟ್ರಕ್‌ಗಳು. ಸೈಕಲ್ ಜಾಹೀರಾತಿನಲ್ಲೇ ಉಳೀತು.

ಒಂದು ವಿಷಯ ಮಾತ್ರ ನಮ್ಮೂರಿನ ಎತ್ತಿನ ಗಾಡಿಯವರಿಗೆ ಓದದೇ ಗೊತ್ತಿತ್ತು. ಗೊಬ್ಬರ ತುಂಬಿದ ಮೇಲೆ ಅಪ್ಪ ಮೂಕಿ ಎತ್ತಿ ನೋಡ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿಗೆ ಉರುಳಾಗುತ್ತೆ. ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣು. ಟ್ರೈಲರ್‌ಗೂ ಅದೇ ಲೆಕ್ಕ. ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕಾರಿನ ಕೊಕ್ಕೆ ಮೇಲೆ ಬೀಳಬೇಕು ಅಂತ ಅಮೆರಿಕದಲ್ಲಿ ಹೇಳ್ತಾರೆ. ಕಮ್ಮಿಯಾದರೆ ವೇಗದಲ್ಲಿ ಟ್ರೈಲರ್ ಅತ್ತಿತ್ತ ಬೀಸೋಕೆ ಶುರು ಮಾಡುತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ಕಾರು ಹಗುರವಾದಷ್ಟೂ ಅದನ್ನ ಹಿಡಿಯೋದು ಕಷ್ಟ.

ಯಾವ ವಾಹನ ಎಷ್ಟು ಎಳೆಯುತ್ತೆ ಅನ್ನೋ ಸಂಖ್ಯೆಯನ್ನ ಅಲ್ಲಿ ಬಹಳ ಕಾಲ ಆಯಾ ಕಂಪನಿಯೇ ತನ್ನ ಲೆಕ್ಕದಲ್ಲಿ ಬರೆದುಕೊಳ್ತಿತ್ತು. ನಾವೇ ಟೆಸ್ಟ್ ಕೇಸ್ ಬರೆದು ನಾವೇ ಪಾಸ್ ಮಾಡಿಕೊಂಡ ಹಾಗೆ. 2008ರಲ್ಲಿ ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ, ಜೆ2807 ಅನ್ನೋ ಮಾನದಂಡ ತಂತು. ಅದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರು. ಸುಮಾರು 18 ಕಿ.ಮೀ., ಉರಿಬಿಸಿಲು, ಎಸಿ ಫುಲ್, ಹಿಂದೆ ಪೂರ್ತಿ ಭಾರ; ಮಾಮೂಲಿ ಪಿಕಪ್‌ನ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು. ಟೊಯೊಟಾ 2011ರ ಮಾಡೆಲ್‌ಗಳಿಗೆ ಎಲ್ಲರಿಗಿಂತ ಮೊದಲು ಒಪ್ಪಿಕೊಂಡಿತು, ಅದರ ಟುಂಡ್ರಾ ಪಿಕಪ್‌ನ ಸಂಖ್ಯೆಯೂ ಇಳೀತು. ಮಾರಾಟದ ಜಿದ್ದಿನಲ್ಲಿ ತಾನಾಗೇ ನಂಬರ್ ಇಳಿಸಿಕೊಳ್ಳೋದು ಸಣ್ಣ ಮಾತಲ್ಲ. ಮಜಾ ಅಂದ್ರೆ, 2012ರ ಅಕ್ಟೋಬರ್‌ನಲ್ಲಿ ಅದೇ ಟುಂಡ್ರಾ ಲಾಸ್ ಏಂಜಲೀಸ್‌ನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನ ಎಳೆದು ಸೇತುವೆ ದಾಟಿಸಿತು. ನೂರು ಟನ್‌ಗೂ ಜಾಸ್ತಿ! 65 ವರ್ಷದ ಮೇಲೆ ಮತ್ತೆ ಅದೇ ಸೈಕಲ್ ಫೋಟೋ.

ಅಮೆರಿಕದಲ್ಲಿರೋ ನಮ್ಮವರು ಚಿಕ್ಕ ಟ್ರೈಲರ್ ನೋಡುವಾಗ ಎಳೆಯೋ ಸಂಖ್ಯೆ ಕೇಳ್ತಾರೆ, ಹೊರೋ ಸಂಖ್ಯೆ ಮರೀತಾರೆ. ಸಾಮಾನು ತುಂಬಿದ ಟ್ರೈಲರ್ 1,500 ಕೆ.ಜಿ. ಅಂದ್ಕೊಳ್ಳಿ. ಕೊಕ್ಕೆ ಮೇಲೆ 180 ಕೆ.ಜಿ., ನಾಲ್ಕು ಜನಕ್ಕೆ 260, ಡಿಕ್ಕಿಯಲ್ಲಿ ಅಕ್ಕಿ, ಕುಕ್ಕರ್, ಬ್ಯಾಗು ಸೇರಿ 50. ಅಲ್ಲಿಗೆ 490. ಇಷ್ಟನ್ನೂ ಹೊರೋದು ಕಾರು. ಅದು ಎಷ್ಟು ಹೊರಬಹುದು ಅನ್ನೋದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತೆ.