ಕಾದಂಬರಿಯಲ್ಲಿ ಸಖ್ಯದ ಸ್ಥಾನ

ಕನ್ನಡದಲ್ಲಿ ‘ನಾವೆಲ್’ ಎಂಬುದಕ್ಕೆ ಸಲ್ಲುವ ‘ಕಾದಂಬರಿ’ ಎಂಬ ಮಾತು ಬಾಣಭಟ್ಟನ ಕೃತಿಯ ಹೆಸರಿನಿಂದ ಬಂದುದು. ಕ್ರಿ. ಶ. 606 ರಿಂದ 647 ರವರೆಗೆ ಆಳಿದ ಹರ್ಷನ ಆಶ್ರಯದಲ್ಲಿದ್ದ ಈ ಕವಿಯ ಕೃತಿಯು ಶಾಪ, ಪುನರ್ಜನ್ಮ, ಗಂಧರ್ವವೃತ್ತಾಂತಗಳಿಂದ ತುಂಬಿದ ಅದ್ಭುತಕಥೆ. ಇದನ್ನು ಶೃಂಗಾರಪ್ರಧಾನವೆನ್ನುವುದು ವಾಡಿಕೆ. ಆದರೆ ಕಥೆಯನ್ನು ಮುನ್ನಡೆಸುವ ಶಕ್ತಿ ಯಾವುದೆಂದು ವಿಚಾರಿಸಿದರೆ, ಶೃಂಗಾರದಷ್ಟೇ ಸಖ್ಯವೂ ಎದ್ದು ಕಾಣುವುದು.

ಪುಂಡರೀಕನ ಮೋಹವನ್ನು ಕಂಡು ಗದರಿಸಿದ ಕಪಿಂಜಲನೇ, ಗೆಳೆಯನ ಪ್ರಾಣಕ್ಕಾಗಿ ಮಹಾಶ್ವೇತೆಯನ್ನು ಬೇಡುತ್ತಾನೆ. ಗೆಳೆಯನ ಶವವನ್ನು ದಿವ್ಯಪುರುಷನು ಒಯ್ದಾಗ ಬೆನ್ನಟ್ಟಿ ಹೋಗಿ, ಶಾಪಕ್ಕೀಡಾಗಿ, ಇಂದ್ರಾಯುಧವೆಂಬ ಕುದುರೆಯಾಗುತ್ತಾನೆ. ಮಹಾಶ್ವೇತೆಯು ಶೋಕದಲ್ಲಿರುವವರೆಗೆ ತಾನು ಮದುವೆಯಾಗೆನೆಂದು ಕಾದಂಬರಿಯು ನಿಶ್ಚಯಿಸುತ್ತಾಳೆ. ಆ ನಿಶ್ಚಯವನ್ನು ಬಿಡಿಸಲು ಹೊರಟ ಮಹಾಶ್ವೇತೆಯೊಡನೆ ಹೋದುದರಿಂದಲೇ ಚಂದ್ರಾಪೀಡನಿಗೆ ನಾಯಿಕೆಯ ದರ್ಶನವಾಗುವುದು.

ಬಾಣನು ಕೃತಿಯನ್ನು ಮುಗಿಸದೆ ತೀರಿಕೊಂಡನು. ಉತ್ತರಭಾಗವು ಆತನ ಮಗನದು. ಅಲ್ಲಿ ಚಂದ್ರಾಪೀಡನು, ಕಾದಂಬರಿಯು ಬಂದು ಸೇರುವಷ್ಟರಲ್ಲಿ, ವೈಶಂಪಾಯನನಿಗೊದಗಿದ ಗತಿಯನ್ನು ಕೇಳಿ ಎದೆಯೊಡೆದು ಪ್ರಾಣಬಿಡುತ್ತಾನೆ. ತಂದೆಯ ಶೈಲಿ ಮಗನಿಗೆ ಪೂರ್ಣವಾಗಿ ಒಲಿಯಲಿಲ್ಲವೆನ್ನುವವರುಂಟು. ಕಥೆಯ ಮರ್ಮವನ್ನು ಆತನು ಅರಿತಿದ್ದನೆಂಬುದಕ್ಕೆ ಈ ಸನ್ನಿವೇಶವೇ ಸಾಕ್ಷಿ.

ಕ್ರಿ. ಶ. 1000 ದ ಸುಮಾರಿನ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯಲ್ಲಿ ಈ ಕಥೆಯನ್ನು ಚಂಪುವಾಗಿ ಕನ್ನಡಿಸಿದನು. ಮೂಲದ ದೀರ್ಘವರ್ಣನೆಗಳನ್ನು ಸಂಗ್ರಹಿಸಿದರೂ ಸ್ನೇಹದ ಎಳೆಯನ್ನು ಕಡಿಯಲಿಲ್ಲ. ಒಲವು ಒಂದು ಜನ್ಮದಲ್ಲಿ ಮುಗಿಯದೆಂದು ತೋರಿಸುವುದಕ್ಕೆ ಅದ್ಭುತವು ಕವಿಗೆ ಸಾಧನವಾಯಿತು. ಆ ಒಲವಿನಲ್ಲಿ ನಲ್ಲರಿಗೂ ಗೆಳೆಯರಿಗೂ ಸಮಪಾಲುಂಟು. ಈ ಕಾವ್ಯವನ್ನು ಬೋಧಿಸುವವರು ಇದನ್ನು ಮರೆಯಲಾಗದು.