ಹೊಗೆ ಹೋಗುವ ದಾರಿ

ನಮ್ಮ ಧಾರವಾಡದ ಕಡೆಗೆ ಚಿಮಣಿ ಎಂದರೆ ದೀಪ. ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎಂದೇ ಹೆಸರು. ಈ ಶಬ್ದದ ಬೆನ್ನುಹತ್ತಿ ಹೋದರೆ ಗ್ರೀಕರ 'ಕಾಮಿನೋಸ್' ಸಿಕ್ಕುತ್ತದೆ. ಕುಲುಮೆ ಎಂದು ಅದರ ಅರ್ಥ. ಅಲ್ಲಿಂದ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳನ್ನು ಹಾಯ್ದು ಇಂಗ್ಲಿಷಿಗೆ ಬಂದಾಗ ಅದು ಮನೆಯ ಹೊಗೆಗೂಡಿನ ಹೆಸರಾಯಿತು. ದೀಪದ ಮೇಲೆ ಕೂರಿಸುವ ಗಾಜಿನ ಕೊಳವೆಗೂ ಅದೇ ಹೆಸರು ಬಿದ್ದಿತು. ಆ ಗಾಜಿನ ಕೊಳವೆಯೊಡನೆ ಶಬ್ದವು ನಮ್ಮಲ್ಲಿಗೆ ಬಂದು, ಕೊನೆಗೆ ಗಾಜೂ ಇಲ್ಲದ ತಗಡಿನ ಬುಡ್ಡಿಯೇ ಚಿಮಣಿ ಎನಿಸಿಕೊಂಡಿತು. ಹೆಸರು ಮಾತ್ರ ಬಂದು ಹೊಗೆಗೂಡು ಬಾರದೆ ಹೋದುದಕ್ಕೆ ಕಾರಣ ಬೇರೇನೂ ಅಲ್ಲ. ಹೊಗೆಯನ್ನು ಹೊರಗೆ ಕಳಿಸುವ ಉಪಾಯ ನಮ್ಮಲ್ಲಿ ಮೊದಲೇ ಇದ್ದಿತು.

ನವಲಗುಂದ ಸೀಮೆಯ ತಿರ್ಲಾಪುರದಲ್ಲಿ ನಮ್ಮ ಬಳಗದವರ ಒಂದು ಹಳೆಯ ಮನೆಯುಂಟು. ಅದು ಆ ಕಡೆಯ ಮನೆಗಳೆಲ್ಲದರಂತೆ ಮಣ್ಣಿನ ಮೇಲ್ಮುದ್ದೆಯ ಮನೆ. ಎರಡು ಮೊಳ ದಪ್ಪದ ಗೋಡೆ; ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಅಡಿಗೆಮನೆಗೆ ಕಿಟಕಿಯಿಲ್ಲ. ಆದರೆ ನೆತ್ತಿಯ ಮೇಲೆ ಬೆಳಕಿಂಡಿಯಿದೆ. ಬೆಳಕು, ಕಿಂಡಿ ಎರಡೂ ಕೂಡಿ ಆದ ಈ ಮಾತಿನಲ್ಲಿ ಹೊಗೆಯ ಸುಳಿವೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಳಗೆ ಬರುವುದರ ಹೆಸರನ್ನಷ್ಟೇ ಹಿರಿಯರು ಅದಕ್ಕಿಟ್ಟರು. ಹೊರಗೆ ಹೋಗುವುದು ಹೆಸರಿಲ್ಲದೆಯೇ ಹೋಗುತ್ತಿತ್ತು. ಬೆಳಗಿನ ಹೊತ್ತು ಓರೆಯಾಗಿ ಇಳಿದ ಬಿಸಿಲಕೋಲಿನೊಳಗೆ ಹೊಗೆ ಸುರುಳಿ ಸುರುಳಿಯಾಗಿ ಮೇಲೇರುವುದನ್ನು ನೋಡಿದವರಿಗೆ ಒಂದೇ ಕಿಂಡಿ ಎರಡು ಕೆಲಸ ಮಾಡುವ ಸೊಗಸು ತಿಳಿಯುತ್ತದೆ. ಮಳೆ ಬಂದಾಗ ಯಾರಾದರೂ ಓಡಿಹೋಗಿ ಮಾಳಿಗೆ ಹತ್ತಿ ಅದರ ಮೇಲೆ ಕಲ್ಲು ಸರಿಸಬೇಕು. ಮಳೆ ನಿಂತ ಮೇಲೆ ತೆಗೆಯಬೇಕು. ಮನೆಯ ಹುಡುಗರ ಪಾಲಿನ ಕೆಲಸವದು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವವನು ನಾನಲ್ಲ. ಎರೆಭೂಮಿಯಲ್ಲಿ ಮರ ಕಡಿಮೆ. ಅಲ್ಲಿಯ ಉರುವಲೆಂದರೆ ಹತ್ತಿಯ ಕಟ್ಟಿಗೆ, ಜೋಳದ ಕೊಯಿಲು, ಕುಳ್ಳು. ಮಳೆಗಾಲದಲ್ಲಿ ಕುಳ್ಳು ತಂಪುಹಿಡಿದರೆ ಆ ಹೊಗೆಗೆ ಯಾವ ಕಿಂಡಿಯೂ ಸಾಲದು. ಒಲೆಯ ಮುಂದೆ ಬಾಗಿ ಕೊಳವೆ ಊದಿ ಊದಿ ನಮ್ಮ ತಾಯಂದಿರು ಕಣ್ಣನ್ನೂ ಎದೆಯನ್ನೂ ಕೆಡಿಸಿಕೊಂಡರು. ಗಂಡಸರು ಪಡಸಾಲೆಯಲ್ಲಿ ಕೂತು ಉಣ್ಣುವುದರಿಂದ ಈ ಸಂಗತಿ ನಮ್ಮ ಸಾಹಿತ್ಯದಲ್ಲಿ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲವೆಂದು ನನ್ನ ಗುಮಾನಿ.

ಇದಕ್ಕೆ ಪರಿಹಾರ ಹುಡುಕಿದವರಿದ್ದರು. ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಅಡಿಗೆಮನೆಯನ್ನು ಕುರಿತು 1953ರಲ್ಲಿಯೇ ಪುಸ್ತಕ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ವಿಭಾಗದಿಂದ ಮುಂದಿನ ದಶಕದಲ್ಲಿ ಅಸ್ತ್ರ ಒಲೆ ಹೊರಬಂದಿತು. ಮೂರು ಪಾತ್ರೆಗಳಿಗೆ ಒಂದೇ ಉರಿ. ಉಳಿದ ಹೊಗೆ ಕೊಳವೆಯೊಳಗಿಂದ ಮಾಡಿನಾಚೆಗೆ. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮವನ್ನು ಕೈಗೊಂಡು 2002ರವರೆಗೆ ನಡೆಸಿತು. ಒಲೆಗಳು ಹಾಕಿಸಿಕೊಂಡಷ್ಟು ಸುಲಭವಾಗಿ ಉಳಿಯಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ತಿರುಗಿ ಮನೆಗೇ ಬರುತ್ತದೆ. ಅದನ್ನು ತೆಗೆಯುವವರಾರು? ಬೆಳಕಿಂಡಿ ಮುಚ್ಚಿದ್ದರೆ ಕತ್ತಲಾಗಿ ಗೊತ್ತಾಗುತ್ತಿತ್ತು. ಕೊಳವೆ ಕಟ್ಟಿದ್ದು ಕಣ್ಣಿಗೆ ಕಾಣದು.

ಅಷ್ಟರಲ್ಲಿ ಅನಿಲ ಬಂದಿತು. ಇಂಡೇನ್ ಅನಿಲ ಕಲಕತ್ತೆಯಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1965ರಲ್ಲಿ. ಪಟ್ಟಣಗಳಿಂದ ಹಳ್ಳಿಗೆ ಇಳಿಯಲು ಅದಕ್ಕೆ ಬಹಳ ಕಾಲ ಹಿಡಿಯಿತು. 2016ರ ಉಜ್ವಲಾ ಯೋಜನೆಯ ಮೇಲಂತೂ ಸಿಲಿಂಡರು ಹಳ್ಳಿಗಳಿಗೆ ಹೊಸದಾಗಿ ಉಳಿಯಲಿಲ್ಲ. ಅಡಿಗೆಮನೆ ಬೆಳ್ಳಗಾಯಿತು, ಹೆಂಗಸರ ಕಣ್ಣುರಿ ನಿಂತಿತು. ಇದು ಸಣ್ಣ ಲಾಭವಲ್ಲ. ಅದರ ಜೊತೆಗೇ ಮೇಲ್ಮುದ್ದೆ ಹೋಗಿ ಸಿಮೆಂಟಿನ ಸ್ಲ್ಯಾಬು ಬಂದಿತು. ಹೊಗೆಯೇ ಇಲ್ಲವಾದ ಮೇಲೆ ಕಿಂಡಿಯೇಕೆಂದು ಅದನ್ನು ಮುಚ್ಚಿದರು, ಇಲ್ಲವೆ ಬೆಳಕಿಗಾಗಿ ಗಾಜು ಕೂರಿಸಿದರು.

ತರ್ಕಶಾಸ್ತ್ರ ಓದಿದವರಿಗೆ ಇಲ್ಲೊಂದು ಹಳೆಯ ಪಾಠ ನೆನಪಾಗಬಹುದು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆಯಿದೆಯೆನ್ನಲು ಬಾರದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿ ಉರುವಲು ಬೇಕೆಂದು ನೈಯಾಯಿಕರು ಸಾವಿರಾರು ಶಿಷ್ಯರಿಗೆ ಹೇಳಿಕೊಟ್ಟರು. ಆದರೆ ಹೊಗೆಯಿಲ್ಲದ ಬೆಂಕಿಯೂ ಏನನ್ನೋ ಹೊರಬಿಡುತ್ತದೆ. ಒಂದು ಕಿಲೋ ಅನಿಲ ಪೂರ್ತಿಯಾಗಿ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈಆಕ್ಸೈಡೂ ಒಂದೂವರೆ ಕಿಲೋಗೆ ಮಿಕ್ಕಿ ನೀರಾವಿಯೂ ಹುಟ್ಟುತ್ತವೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ಅಂಶವು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ.

ಫ್ರಾನ್ಸಿನ ಕಾದಂಬರಿಕಾರ ಎಮಿಲ್ ಜೋಲಾ ತೀರಿಕೊಂಡದ್ದು ಹೀಗೆಯೇ. 1902ರ ಸೆಪ್ಟೆಂಬರ್ 28ರ ರಾತ್ರಿ ಪ್ಯಾರಿಸಿನ ತನ್ನ ಮನೆಯಲ್ಲಿ, ಮಲಗುವ ಕೋಣೆಯ ಕಲ್ಲಿದ್ದಲ ಬೆಂಕಿಯ ಹೊಗೆಗೂಡು ಕಟ್ಟಿಕೊಂಡಿತ್ತು. ಗಂಡಹೆಂಡಿರಿಬ್ಬರಿಗೂ ಮೈಗೆ ಸರಿಯಿಲ್ಲವೆನಿಸಿತು. ಬೆಳಗಾದಾಗ ಹೆಂಡತಿಯ ಜೀವ ಉಳಿದಿತ್ತು, ಜೋಲಾ ಉಳಿಯಲಿಲ್ಲ. ದ್ರೇಫ್ಯೂಸ್ ಪ್ರಕರಣದಲ್ಲಿ ಆತ ಕಟ್ಟಿಕೊಂಡ ವೈರಿಗಳಲ್ಲಿ ಯಾರೋ ಬೇಕೆಂದೇ ಹೊಗೆಗೂಡು ಮುಚ್ಚಿದರೆಂಬ ಮಾತೂ ಮುಂದೆ ಎದ್ದಿತು. ಅದು ನಿಜವೋ ಸುಳ್ಳೋ, ಕೊಂದದ್ದು ಮಾತ್ರ ವಾಸನೆಯಿಲ್ಲದ ಈ ಅನಿಲವೇ. ಇಂಗ್ಲೆಂಡಿನ ಗಣಿಗಳಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಂತೆ ಕೆನರಿ ಹಕ್ಕಿಯನ್ನು ಪಂಜರದಲ್ಲಿಟ್ಟು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ತಲೆತಿರುಗಿ ಬೀಳುತ್ತಿತ್ತು. 1986ರಲ್ಲಿ ಆ ಕೆಲಸವನ್ನು ಯಂತ್ರಗಳಿಗೆ ವಹಿಸಿದರು. ನಮ್ಮ ಬಚ್ಚಲುಮನೆಯಲ್ಲಿ ಹಕ್ಕಿಯೂ ಇಲ್ಲ, ಯಂತ್ರವೂ ಇಲ್ಲ.

ಬಚ್ಚಲಿನ ಮಾತು ತಂದದ್ದಕ್ಕೆ ಕಾರಣವಿದೆ. ಅಡಿಗೆಮನೆಯ ಒಲೆಗಿಂತ ಹೆಚ್ಚು ಅಪಾಯ ಈಗ ಅಲ್ಲಿದೆ. ಹಿಂದೆ ಹಂಡೆಯ ಒಲೆಗೆ ಕೆಲವರ ಮನೆಯಲ್ಲಿ ಹಿತ್ತಲ ಕಡೆಯಿಂದಲೇ ಉರಿ ಹಾಕುತ್ತಿದ್ದರು. ಒಲೆಯ ಬಾಯಿ ಗೋಡೆಯಾಚೆ, ಹಂಡೆ ಗೋಡೆಯೀಚೆ. ಒಳಗೆ ನೀರು ಮಾತ್ರ ಬಿಸಿ; ಹೊಗೆ ಹಿತ್ತಲ ಪಾಲು. ಈಗ ಗೋಡೆಗೆ ತೂಗುಹಾಕುವ ಗ್ಯಾಸ್ ಗೀಸರು ಬಂದಿದೆ. 'ಗೀಸರ್' ಎಂಬುದು ಐಸ್‌ಲೆಂಡಿನ ಬಿಸಿನೀರ ಬುಗ್ಗೆಯೊಂದರ ಹೆಸರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ತಾನು ಕಂಡುಹಿಡಿದ ಅನಿಲದ ನೀರುಕಾಯಿಸುವ ಸಾಧನಕ್ಕೆ ಆ ಹೆಸರಿಟ್ಟ. ಆ ಮೊದಲ ಯಂತ್ರಕ್ಕೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ನೂರೈವತ್ತು ವರ್ಷ ಕಳೆದರೂ ನಮ್ಮ ಅಂಗಡಿಗಳಲ್ಲಿ ಅಗ್ಗದ ಗೀಸರುಗಳು ಅದೇ ಕೊರತೆಯೊಡನೆ ಬಿಕರಿಯಾಗುತ್ತಿವೆಯೆಂಬುದು ನನಗೆ ಸೋಜಿಗವೆನಿಸುತ್ತದೆ.

ಎರಡು ವರ್ಷದ ಹಿಂದೆ ನನ್ನ ಸಹೋದ್ಯೋಗಿಯೊಬ್ಬರ ಬಾಡಿಗೆ ಮನೆಯಲ್ಲಿ ನರಕ ಚತುರ್ದಶಿಯ ಅಭ್ಯಂಜನ ನಡೆದಿತ್ತು. ಮನೆಮಂದಿ ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಹೋದರು. ಚಳಿಯೆಂದು ಬಚ್ಚಲಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ನಾಲ್ಕನೆಯವಳಾಗಿ ಒಳಹೊಕ್ಕ ಮಗಳು, ಬಿ.ಎ. ಓದುವ ಹುಡುಗಿ, ಎಷ್ಟು ಹೊತ್ತಾದರೂ ಹೊರಬರಲಿಲ್ಲ. ನೀರು ಬೀಳುವ ಸಪ್ಪಳ ಕೇಳುತ್ತಲೇ ಇತ್ತು. ಕದ ಮುರಿದು ನೋಡಿದರೆ ಎಚ್ಚರ ತಪ್ಪಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿದರು. "ವಾಸನಿ ಏನೂ ಬಂದಿದ್ದಿಲ್ಲ ನೋಡ್ರಿ ಸರ, ಅದಕ್ಕ ಗ್ಯಾಸಿಂದಲ್ಲ ಅಂತನ ತಿಳಕೊಂಡಿದ್ವಿ" ಎಂದರು ತಂದೆ. ಸಿಲಿಂಡರಿನ ಅನಿಲಕ್ಕೆ ನಾತವನ್ನು ಬೇಕೆಂದೇ ಬೆರೆಸಿರುತ್ತಾರೆ, ಸೋರಿದರೆ ತಿಳಿಯಲೆಂದು. ಉರಿದ ಮೇಲೆ ಆ ನಾತ ಉಳಿಯುವುದಿಲ್ಲ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಐದೂವರೆ ಘನ ಮೀಟರಿಗೂ ತುಸು ಕಡಿಮೆ. ನಿಮಿಷಕ್ಕೆ ಆರು ಲೀಟರು ನೀರು ಕಾಯಿಸುವ ಗೀಸರು ಹತ್ತು ನಿಮಿಷಕ್ಕೆ ಸುಮಾರು ಎರಡು ಘನ ಮೀಟರು ಗಾಳಿಯನ್ನು ಬೇಡುತ್ತದೆ. ಅಂದರೆ ಮೂರನೆಯ ಒಂದು ಪಾಲಿಗೂ ಹೆಚ್ಚು! ಕದ, ಕಿಟಕಿ ಭದ್ರವಾಗಿದ್ದರೆ ಉರಿಗೂ ಉಸಿರಿಗೂ ಜಗಳ ಹತ್ತಿತೆಂದೇ ಅರ್ಥ.

ಹಾಗಾದರೆ ಗೋಡೆಗೊಂದು ತೂತು ಕೊರೆದರಾಯಿತಲ್ಲ ಎಂದರೆ, ಮಾಡಿನ ಕಿಂಡಿಗೂ ಗೋಡೆಯ ಕಿಂಡಿಗೂ ಭೇದವಿದೆ. ಬಿಸಿಗಾಳಿ ಮೇಲಕ್ಕೇರುವ ಸ್ವಭಾವದ್ದು. ಬೆಳಕಿಂಡಿ ಆ ಸ್ವಭಾವಕ್ಕೆ ಒಪ್ಪಿದ ದಾರಿ. ಗೋಡೆಯ ತೂತಿನೆದುರು ಬೀಸುವ ಗಾಳಿ ಹೊಗೆಯನ್ನು ಒಳಕ್ಕೇ ದಬ್ಬುತ್ತದೆ. ಆಷಾಢದ ಗಾಳಿಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಲೋಹದ ಕೊಳವೆ ಯಂತ್ರದ ನೆತ್ತಿಯಿಂದ ಮೊದಲು ಮೇಲಕ್ಕೇರಿ ಆಮೇಲೆ ಗೋಡೆ ದಾಟಬೇಕು, ಡೊಂಕು ಕಡಿಮೆಯಿರಬೇಕು, ಹೊರಗಿನ ಬಾಯಿಗೆ ಗಾಳಿಮಳೆ ತಡೆಯುವ ಟೊಪ್ಪಿಗೆಯಿರಬೇಕು, ಅದು ನೆರೆಮನೆಯ ಕಿಟಕಿಯ ಕೆಳಗೆ ತೆರೆಯಬಾರದು. ನೀರಿನ ಪ್ಲಾಸ್ಟಿಕ್ ಕೊಳವೆಯನ್ನೇ ಇದಕ್ಕೂ ಸಿಕ್ಕಿಸುವ ಜಾಣರಿದ್ದಾರೆ. ಕಾವಿಗೆ ಅದು ನಿಲ್ಲದು. ಹೊರಹೋಗುವ ದಾರಿಯೊಂದಾದರೆ ಒಳಬರುವ ದಾರಿಯೂ ಬೇಕು: ಕದದ ಬುಡದಲ್ಲೋ ಗೋಡೆಯ ಬುಡದಲ್ಲೋ ಮುಚ್ಚಲಾಗದ ಜಾಲಂದರ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದಕ್ಕೂ ಆ ಕೆಳಗಿನ ದಾರಿಯೇ ಗತಿ.

ಶೀತದೇಶಗಳಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಕಾರು ನಿಲ್ಲಿಸುವ ಕೋಣೆಯನ್ನು ಬೆಚ್ಚಗಿಡಲು ಅಲ್ಲಿ ಗೋಡೆಗೆ ಅನಿಲದ ಯಂತ್ರ ಹೂಡಿದಾಗ, ಒಂದರೊಳಗೊಂದಾಗಿ ಎರಡು ಕೊಳವೆ ಹಾಯಿಸುತ್ತಾರೆ. ಹೊರಗಿನ ಕೊಳವೆ ಉರಿಗೆ ಬೇಕಾದ ಗಾಳಿಯನ್ನು ಬಯಲಿನಿಂದ ತರುತ್ತದೆ, ಒಳಗಿನದು ಹೊಗೆಯನ್ನು ಬಯಲಿಗೆ ಬಿಡುತ್ತದೆ. ಎರಡರ ಬಾಯಿಯೂ ಒಂದೇ ಜಾಗದಲ್ಲಿರುವುದರಿಂದ ಬೀಸುಗಾಳಿಯ ಒತ್ತಡ ಎರಡಕ್ಕೂ ಸರಿಸಮ. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ.

ಹೋದ ದೀಪಾವಳಿಗೆ ತಿರ್ಲಾಪುರಕ್ಕೆ ಹೋದಾಗ ಬಳಗದವರು ಹೊಸ ಬಚ್ಚಲು ಕಟ್ಟಿಸುತ್ತಿದ್ದರು. ಗೀಸರು ಕೊಂಡಾಗಿತ್ತು. ಒಳಗೆ ಬೇಡ, ಹಿತ್ತಲಗೋಡೆಗೆ ಹೊರಗಡೆಯಿಂದಲೇ ತೂಗುಹಾಕಿ ಬಿಸಿನೀರಿನ ನಳ ಮಾತ್ರ ಒಳಗೆ ತನ್ನಿರಿ, ಮೇಲೊಂದು ತಗಡಿನ ಮರೆ ಮಾಡಿರಿ ಎಂದೆ. ಗೌಂಡಿ ಒಪ್ಪಲಿಲ್ಲ, ಹೊರಗಿದ್ದರೆ ಯಾರಾದರೂ ಕದ್ದೊಯ್ಯುತ್ತಾರೆಂದ. ಕಟ್ಟೆಯ ಮೇಲೆ ಕೂತಿದ್ದ ಮನೆಯ ಆಯಿ ನಮ್ಮ ವಾದ ಕೇಳುತ್ತಿದ್ದರು. "ಹೊಗಿ ಕಣ್ಣಿಗೆ ಬಡದ್ರ ಕಿಂಡಿ ಮುಚ್ಚೈತಿ ಅಂತ ತಿಳೀತಿತ್ತೋ ತಮ್ಮಾ. ಇದರಾಗ ಏನ್ ತಿಳೀತೈತಿ? ಹೊರಗ ಇಡಸು. ಕಳ್ಳ ಒಯ್ದರ ಇನ್ನೊಂದು ತರಬಹುದು" ಎಂದರು. ಗೌಂಡಿ ಹಾರೆ ಹಿಡಿದು ಹಿತ್ತಲಿಗೆ ನಡೆದ.