ಉಣ್ಣೆ ಹೇನಿನ ಹಣೆಯ ಕೊಂಬು

ಈಗಿನ ಎಷ್ಟೋ ಫೋನುಗಳಲ್ಲಿ ಕ್ಯಾಮೆರಾ ತೆರೆದು ಹೂವಿನ ಹತ್ತಿರ ಹಿಡಿದರೆ ಸಾಕು, ಮ್ಯಾಕ್ರೋ ಅನ್ನೋ ಚಿಹ್ನೆ ತಾನಾಗಿಯೇ ಮೂಡುತ್ತೆ. ದಾಸವಾಳದ ಮೇಲಿನ ಇರುವೆ, ಕರಿಬೇವಿನ ಎಲೆ ಮೇಲಿನ ಚಿಟ್ಟೆಮೊಟ್ಟೆ, ಕುಂಡದ ಅಂಚಿನ ಜಿಗಿ ಜೇಡ, ಇವನ್ನೆಲ್ಲ ತೆಗೆದು ಸ್ಟೇಟಸ್‌ಗೆ ಹಾಕೋರು ನಿಮ್ಮ ಆಫೀಸಿನಲ್ಲೂ ಒಬ್ಬರಾದರೂ ಇರ್ತಾರೆ. ಚೆಂದದ ಹವ್ಯಾಸ. ಆದರೆ ಹುಳವನ್ನ ದೊಡ್ಡದು ಮಾಡಿ ನೋಡೋ ಈ ಕೆಲಸ ಚೆಂದದಾಚೆಗೂ ಬೇಕಾಗುತ್ತೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಹೊಲಗಳಲ್ಲಿ ಒಂದು ಸಲ ಬೆಳೆ ಕೈಗೆ ಹತ್ತೋದು ಬಿಡೋದು ಇದರ ಮೇಲೇ ನಿಂತಿತ್ತು. ಅದು 2002ರ ಕಥೆ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ 'ಮೈಕ್ರೋಗ್ರಾಫಿಯಾ' ಅನ್ನೋ ಪುಸ್ತಕ ಪ್ರಕಟಿಸಿದ. ಅದರಲ್ಲಿ ಚಿಗಟದ ಚಿತ್ರ ಎಷ್ಟು ದೊಡ್ಡದಿತ್ತು ಅಂದ್ರೆ ಅದನ್ನ ಮಡಚಿ ಪುಸ್ತಕದೊಳಗೆ ಇಡಬೇಕಾಯ್ತು. ಬಿಚ್ಚಿದರೆ ಸುಮಾರು ಒಂದೂವರೆ ಅಡಿ. ಉಗುರಲ್ಲಿ ಕುಕ್ಕಿ ಸಾಯಿಸೋ ಚಿಗಟಕ್ಕೆ ಕವಚ ಇದೆ, ಕಾಲಿಗೆ ಮುಳ್ಳಿದೆ ಅಂತ ಜನ ಮೊದಲ ಸಲ ಕಣ್ಣಾರೆ ಕಂಡರು. ಕೆಲವೇ ವರ್ಷಗಳ ನಂತರ ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ತಾನೇ ಉಜ್ಜಿದ ಪುಟ್ಟ ಗಾಜಿನ ಮಸೂರಗಳಲ್ಲಿ ಇನ್ನೂ ಸಣ್ಣ ಲೋಕ ನೋಡಿದ. ಆತ ಬಟ್ಟೆ ವ್ಯಾಪಾರಿ. ಬಟ್ಟೆಯ ನೂಲು ಎಣಿಸೋಕೆ ಮಸೂರ ಹಿಡಿಯೋದು ಆ ವ್ಯಾಪಾರದ ರೂಢಿ. ದಂಧೆಗೆ ಬೇಕಾದ ಸಾಮಾನು ಜೀವಲೋಕದ ಕಡೆ ತಿರುಗಿತು ಅಷ್ಟೇ.

ನಮ್ಮ ದೇಶದಲ್ಲಿ ಈ ನೋಟ ಹೊಲಕ್ಕೆ ಇಳಿದದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ. 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಆಯ್ತು. ಅಲ್ಲಿದ್ದ ಕೀಟಶಾಸ್ತ್ರಜ್ಞ ಮ್ಯಾಕ್ಸ್‌ವೆಲ್-ಲೆಫ್ರಾಯ್ 1909ರಲ್ಲಿ 'ಇಂಡಿಯನ್ ಇನ್ಸೆಕ್ಟ್ ಲೈಫ್' ಅನ್ನೋ ದಪ್ಪ ಗ್ರಂಥ ತಂದ. ಅದರ ಬಣ್ಣದ ಚಿತ್ರಗಳನ್ನ ಬರೆಯೋದರಲ್ಲಿ ಸಂಸ್ಥೆಯ ಭಾರತೀಯ ಕಲಾವಿದರ ಕೈ ಇತ್ತು. ಹುಳವನ್ನ ಎದುರಿಗೆ ಇಟ್ಟುಕೊಂಡು, ಕಾಲಿನ ಗೆಣ್ಣು, ರೆಕ್ಕೆಯ ನರ ತಪ್ಪದಂತೆ ಕುಂಚದಲ್ಲಿ ಮೂಡಿಸೋದು ಎಷ್ಟು ತಾಳ್ಮೆಯ ಕೆಲಸ ಅಂತ ಊಹಿಸಿ. ಆ ಕಾಲದ ಮ್ಯಾಕ್ರೋ ಅಂದ್ರೆ ಇದೇ.

ಕ್ಯಾಮೆರಾದಲ್ಲಿ ಅದು ಸುಲಭ ಆಗೋಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. ಮೊದಲು ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಉದ್ದನೆಯ ತಿದಿ ಜೋಡಿಸಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲುಗಾಡದ ವಸ್ತುವನ್ನ ತೆಗೀಬೇಕಿತ್ತು. ಹೀಂಗಾದರೆ ಜೀವಂತ ಹುಳದ ಹಿಂದೆ ಓಡೋದು ಎಲ್ಲಿಂದ? 1955ರಲ್ಲಿ ಹೈನ್ಜ್ ಕಿಲ್‌ಫಿಟ್ ಅನ್ನೋ ಜರ್ಮನ್ ತಂತ್ರಜ್ಞ 'ಮ್ಯಾಕ್ರೋ-ಕಿಲಾರ್' ಲೆನ್ಸ್ ಹೊರತಂದ. ದೂರದ ಗುಡ್ಡದಿಂದ ಹಿಡಿದು ಕೈಯಳತೆಯ ಹುಳದವರೆಗೆ ಒಂದೇ ಲೆನ್ಸ್ ತಿರುಗಿಸಿ ಫೋಕಸ್ ಮಾಡಬಹುದಾಯ್ತು. ಅದರ ಒಂದು ಮಾದರಿ 1:1 ಅಳತೆ ಮುಟ್ಟುತ್ತಿತ್ತು. ಅಂದ್ರೆ 2 ಮಿಲಿಮೀಟರ್ ಹುಳ ಫಿಲ್ಮಿನ ಮೇಲೂ 2 ಮಿಲಿಮೀಟರೇ ಇರುತ್ತೆ. ಫಿಲ್ಮಿನ ಒಂದು ಚೌಕಟ್ಟಿನ ಅಗಲ 36 ಮಿಲಿಮೀಟರ್. ಅದನ್ನ ಗೋಡೆಯಷ್ಟು ದೊಡ್ಡದು ಮಾಡಿದರೆ ಹುಳ ಬೆಕ್ಕಿನಷ್ಟು ಕಾಣುತ್ತೆ.

ಈ 2 ಮಿಲಿಮೀಟರ್ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ನಮ್ಮ ಕಥೆಯ ಹುಳ ಹೆಚ್ಚು ಕಡಿಮೆ ಅಷ್ಟೇ ಉದ್ದ.

ಅದರ ಹೆಸರು ಕಬ್ಬಿನ ಬಿಳಿ ಉಣ್ಣೆ ಹೇನು. ಗಡಿಯಾಚೆಯ ಮರಾಠಿಯಲ್ಲಿ ಲೋಕರಿ ಮಾವಾ. ಲೋಕರ್ ಅಂದ್ರೆ ಉಣ್ಣೆ. 1897ರಲ್ಲಿ ಜಾವಾದ ಕಬ್ಬಿನಲ್ಲಿ ಇದನ್ನ ಕಂಡು ವಿವರಿಸಿದವನು ಝೆಂಟ್ನರ್ ಅನ್ನೋ ಸ್ವಿಸ್ ವಿಜ್ಞಾನಿ. ಆತ ಕೊಟ್ಟ ಹೆಸರು ಸೆರಾಟೋವಕ್ಯೂನಾ ಲಾನಿಜೆರಾ. 'ಸೆರಾಟೋ' ಅಂದ್ರೆ ಕೊಂಬು, 'ಲಾನಿಜೆರಾ' ಅಂದ್ರೆ ಉಣ್ಣೆ ಹೊತ್ತದ್ದು. ಉಣ್ಣೆ ಯಾರಿಗಾದರೂ ಕಾಣುತ್ತೆ, ಅದು ಹೇನು ತಾನೇ ಸುರಿಸೋ ಮೇಣದ ಎಳೆ. ಹಣೆಯ ಮೇಲಿನ ಎರಡು ಪುಟ್ಟ ಕೊಂಬು ಕಾಣಬೇಕಾದರೆ ಮಸೂರ ಬೇಕು. ಇದರ ಮರಿಗಳು ಮೈಮೇಲೆ ಬಿದ್ದ ಶತ್ರುವನ್ನ ಈ ಕೊಂಬಿನಿಂದಲೇ ತಿವಿಯುತ್ತವೆ.

ಭಾರತದಲ್ಲಿ ಬಹಳ ವರ್ಷ ಈ ಹೇನು ಈಶಾನ್ಯದ ಕಡೆ, ಬಂಗಾಳದ ಕಡೆ ಮಾತ್ರ ಇತ್ತು. 2002ರ ಮಳೆಗಾಲದಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಕಾಣಿಸಿತು. ಕಾಗವಾಡ ದಾಟಿ ಸ್ವಲ್ಪ ಹೋದರೆ ಸಾಂಗ್ಲಿ ಜಿಲ್ಲೆ. ನೀರು ಕೃಷ್ಣೆಯದೇ, ಬೆಳೆ ಕಬ್ಬೇ, ಬೀಗರೂ ಅಲ್ಲೇ. ರಾಜ್ಯದ ಗಡಿ ನಕಾಶೆಯಲ್ಲಿ ಇದೆ, ಹೇನಿಗೆ ಏನು ಗೊತ್ತು? ಅದೇ ವರ್ಷ ಬೆಳಗಾವಿ ಜಿಲ್ಲೆಗೂ ಬಂತು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಮೈಲಿಗಟ್ಟಲೆ ಒತ್ತಾಗಿ ನಿಂತ ಕಬ್ಬು. ಉಗಾರ ಖುರ್ದದ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಹಿಂದಿನದು, ಅಂದ್ರೆ ಕಬ್ಬಿನ ಜೊತೆ ಈ ಸೀಮೆಯ ನಂಟು ತಲೆಮಾರುಗಳದು. ಹೇನಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಎಲೆಯ ಕೆಳಮೈ ಸುಣ್ಣ ಬಳಿದಂಗೆ ಬೆಳ್ಳಗೆ. ಅದರ ಕೆಳಗಿನ ಎಲೆಯ ಮೇಲ್ಮೈ ಮಸಿ ಬಳಿದಂಗೆ ಕಪ್ಪಗೆ. ಹೇನು ರಸ ಹೀರಿ ಸಿಹಿ ಅಂಟು ಸುರಿಸುತ್ತೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ. ಎಲೆಗೆ ಬಿಸಿಲು ತಾಗಲ್ಲ, ಕಬ್ಬು ಸೊರಗುತ್ತೆ, ತೂಕವೂ ಸಕ್ಕರೆ ಅಂಶವೂ ಇಳಿಯುತ್ತೆ. ಹೆಣ್ಣು ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯ ಗೊಡವೆ ಇಲ್ಲ, ನೇರವಾಗಿ ಮರಿ ಹಾಕುತ್ತೆ. ರೆಕ್ಕೆ ಬಂದವು ಗಾಳಿಯಲ್ಲಿ ಹೋದವು. ಉಳಿದವು ದನಕ್ಕೆ ಮೇವು ಅಂತ ಹೊತ್ತೊಯ್ದ ಕಬ್ಬಿನ ತುದಿಯೆಲೆಯ ಜೊತೆ ಊರೂರಿಗೆ ಹೋದವು.

ಔಷಧ ಹೊಡೆಯೋಣ ಅಂದ್ರೆ ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗೋದೇ ಕಷ್ಟ. ಗರಿ ಮೈಕೈ ಕೊಯ್ಯುತ್ತೆ. ಹೇನು ಇರೋದು ಎಲೆಯ ಅಡಿಯಲ್ಲಿ, ಮೇಲಿಂದ ಹೊಡೆದದ್ದು ಅಲ್ಲಿಗೆ ತಲುಪಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು.

ಆ ಬಿಳಿ ರಾಶಿಯ ನಡುವೆ ಬೇರೆ ಹುಳಗಳೂ ಇದ್ದವು. ಒಂದು ತೆಳ್ಳನೆಯ ಕೀಡೆ, ಹೇನಿನ ಗುಂಪಿನೊಳಗೇ ರೇಷ್ಮೆ ಎಳೆಯ ಬಲೆ ನೇಯ್ದು ಅದರೊಳಗೆ ಇರುತ್ತೆ. ಬರಿಗಣ್ಣಿಗೆ ಅದು ಕಾಂಡ ಕೊರೆಯೋ ಹುಳದ ತಮ್ಮನ ಹಂಗೆ ಕಾಣುತ್ತೆ. ಕಬ್ಬಿನಲ್ಲಿ ಕೀಡೆ ಅಂದ್ರೆ ಶತ್ರು ಅಂತಲೇ ಎಲ್ಲರ ಲೆಕ್ಕ. ಆದರೆ ಇದು ಡೈಫಾ ಅಫಿಡಿವೋರಾ ಅನ್ನೋ ಪತಂಗದ ಮರಿ. ಇದು ಕಬ್ಬು ಮುಟ್ಟಲ್ಲ, ಹೇನು ತಿನ್ನುತ್ತೆ. ಎರಡನೆಯದು ಮೈಕ್ರೋಮಸ್ ಇಗೊರೋಟಸ್, ಜಾಲರಿ ರೆಕ್ಕೆಯ ಸಣ್ಣ ಕಂದು ಕೀಟ. ಇದರ ಮರಿಯ ಬಾಯಿಯಲ್ಲಿ ಕುಡುಗೋಲಿನಂಥ ಎರಡು ದವಡೆ. ಹೇನನ್ನ ಚುಚ್ಚಿ ಹಿಡಿದು ಒಳಗಿನ ರಸ ಹೀರಿ ಸಿಪ್ಪೆ ಬಿಸಾಕುತ್ತೆ. ರೋಗದ ಎಲೆಯ ಮೇಲೆಯೇ ಔಷಧವೂ ಓಡಾಡ್ತಿತ್ತು. ಗುರುತು ಹಿಡಿಯೋಕೆ ಕಣ್ಣು ಬೇಕಿತ್ತು.

ಆ ಕಣ್ಣು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಲ್ಲಿ ಇತ್ತು, ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದವರಲ್ಲಿ ಇತ್ತು. ಹೆಬ್ಬಾಳದ ಈ ಎರಡನೇ ಸಂಸ್ಥೆಯ ಈಗಿನ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಇಂಥ ಕಡೆ ಈ ಪರಭಕ್ಷಕಗಳನ್ನ ಗುರುತಿಸಿ, ಸಾಕಿ, ಸಂಖ್ಯೆ ಹೆಚ್ಚಿಸಿ ಹೊಲಕ್ಕೆ ಬಿಡೋ ವಿಧಾನ ರೂಪಿಸಿದರು. ಹೆಕ್ಟೇರಿಗೆ ಡೈಫಾ ಮರಿ 1000, ಇಲ್ಲವೇ ಮೈಕ್ರೋಮಸ್ ಮರಿ 2500 ಬಿಡಿ ಅನ್ನೋದು ಶಿಫಾರಸು. ಡೈಫಾ ಇರೋ ಎಲೆಯನ್ನೇ ಕತ್ತರಿಸಿ, ಹೇನು ಹತ್ತಿದ ಬೇರೆ ಹೊಲದ ಎಲೆಗೆ ಜೋಡಿಸೋದೂ ನಡೆಯಿತು. ಮುಂದೆ ಅಸ್ಸಾಂನಿಂದ ಎನ್‌ಕಾರ್ಸಿಯಾ ಅನ್ನೋ ಪರತಂತ್ರ ಕಣಜವನ್ನೂ ತಂದು ಬಿಟ್ಟರು. ಅದು 1 ಮಿಲಿಮೀಟರ್‌ಗಿಂತ ಚಿಕ್ಕದು, ಹೇನಿನ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತೆ. ಕೆಲವೇ ವರ್ಷಗಳಲ್ಲಿ ಹಾವಳಿ ಇಳಿಯಿತು. ಹೇನು ಪೂರ್ತಿ ಹೋಗಿಲ್ಲ, ಈಗಲೂ ಅಲ್ಲಲ್ಲಿ ಕಾಣುತ್ತೆ, ಆದರೆ ತಿನ್ನೋರೂ ಜೊತೆಗೇ ಇದ್ದಾರೆ.

ನನ್ನ ಕಸುಬಿನ ಮಾತಲ್ಲಿ ಹೇಳ್ತೀನಿ. ಎಲೆ ತಿರುಗಿಸಿ ನೋಡದೆ ಔಷಧ ಹೊಡೆಯೋದು ಲಾಗ್ ಓದದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಂಗೆ. ತಾತ್ಕಾಲಿಕವಾಗಿ ಸರಿಯಾಯ್ತು ಅನಿಸುತ್ತೆ, ಕಾರಣ ಮಾತ್ರ ಅಳಿಸಿಹೋಗುತ್ತೆ. ಹೊಲದಲ್ಲಿ ಅದರ ಪರಿಣಾಮ ಇನ್ನೂ ಕೆಟ್ಟದು, ಯಾಕಂದ್ರೆ ಹೇನಿನ ಸಂತಾನ ಹೇನು ತಿನ್ನೋ ಹುಳದ ಸಂತಾನಕ್ಕಿಂತ ಬೇಗ ಚೇತರಿಸಿಕೊಳ್ಳುತ್ತೆ.

ಇದು ಬರೀ ರೈತರ ವಿಷಯ ಅಂತ ತಿಳ್ಕೋಬೇಡಿ. ನಿಮ್ಮ ಬಾಲ್ಕನಿಯ ದಾಸವಾಳದ ಚಿಗುರಿಗೆ ಹೇನು ಹತ್ತಿದಾಗ ಪಕ್ಕದಲ್ಲಿ ಕಪ್ಪು ಮೈಯ, ಕಿತ್ತಳೆ ಮಚ್ಚೆಯ, ಮೊಸಳೆಯಂಥ ಸಣ್ಣ ಹುಳ ಓಡಾಡ್ತಿದ್ದರೆ ಎಷ್ಟೋ ಜನ ಮೊದಲು ಅದನ್ನೇ ಹೊಸಕಿ ಹಾಕ್ತಾರೆ. ಅದು ಗುಲಗಂಜಿ ದುಂಬಿಯ ಮರಿ. ಕೆಂಪು ಬೆನ್ನಿನ ದುಂಬಿಯನ್ನ ಮಕ್ಕಳಿಗೆ ಕೈಮೇಲೆ ಬಿಟ್ಟು ತೋರಿಸೋ ನಾವು ಅದರ ಮಗುವನ್ನ ಗುರುತಿಸಲ್ಲ.

ಮುಂದಿನ ಸಲ ಹಿಂಗೆ ಮಾಡಿ. ಎಲೆ ತಿರುಗಿಸಿ. ಬೆಳಿಗ್ಗೆ ಬೇಗ ಹೋದರೆ ಹುಳಗಳು ಇನ್ನೂ ಮಂದ ಇರ್ತವೆ, ಗಾಳಿಯೂ ಕಮ್ಮಿ. ಇಷ್ಟು ಹತ್ತಿರದಲ್ಲಿ ಫೋಕಸ್ ಆಗೋ ಪದರ ಎಲೆಯಷ್ಟೇ ತೆಳ್ಳಗಿರುತ್ತೆ. ಅದಕ್ಕೇ ಫೋನನ್ನ ಹುಳದ ಮೈಗೆ ಸಮಾನಾಂತರವಾಗಿ ಹಿಡಿದು, ಉಸಿರು ಬಿಗಿಹಿಡಿದು ಏಳೆಂಟು ಚಿತ್ರ ತೆಗೆಯಿರಿ, ಒಂದಾದರೂ ನಿಲ್ಲುತ್ತೆ. ಮುಖ ಒಂದೇ ಸಾಲದು, ಬೆನ್ನು, ಪಕ್ಕ, ಅದು ಏನು ತಿಂತಿದೆ, ಯಾವ ಗಿಡ, ಇವೂ ಬರಲಿ. ತಾರೀಖು, ಊರು ಬರೆದು ಐನ್ಯಾಚುರಲಿಸ್ಟ್ ಆ್ಯಪ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ಗೊತ್ತಿರೋರು ಯಾರಾದರೂ ಹೆಸರು ಹೇಳ್ತಾರೆ. ದಸರಾಕ್ಕೋ ದೀಪಾವಳಿಗೋ ಊರಿಗೆ ಹೋದಾಗ ಹೊಲದ ಬದುವಿನಲ್ಲಿ ನಿಂತು ನಾಲ್ಕು ಎಲೆ ತಿರುಗಿಸಿ ನೋಡಿ, ಕಂಡದ್ದನ್ನ ಅಪ್ಪನಿಗೋ ಕಾಕಾನಿಗೋ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿ.

ಹೊಸ ಕೀಟ ಒಂದು ಸೀಮೆಗೆ ಯಾವಾಗ ಬಂತು ಅನ್ನೋದು ಗೊತ್ತಾಗೋದು ಯಾರೋ ಒಬ್ಬರು ಕಂಡು, ಬರೆದಿಟ್ಟಾಗ. 2002ರಲ್ಲಿ ಆ ಕೆಲಸಕ್ಕೆ ಕೃಷಿ ವಿಜ್ಞಾನಿ ಹೊಲಕ್ಕೆ ಬರಬೇಕಿತ್ತು. ಮುಂದಿನ ಹುಳ ಬಂದಾಗ ಅದನ್ನ ಮೊದಲು ಕಾಣೋದು ಹೊಲದಲ್ಲಿ ನಿಂತವರೇ, ಅವರ ಜೇಬಿನಲ್ಲಿ ಕ್ಯಾಮೆರಾ ಇರುತ್ತೆ.